ಗಾಜಿನ ಮನೆಯ ಋತುಗಳು: ಹೂ ಬೇಕಾದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ಮಾನ್ಯರೆ, ಮೃಗಾಲಯವೂ ಗಾಜಿನ ಮನೆಯೂ ಒಂದೇ ಆವರಣದಲ್ಲಿರುವ ಕಡೆ ಕಡು ಚಳಿಗಾಲದಲ್ಲೂ ಪಾತಿಗಳು ಹೂವಿನಿಂದ ತುಂಬಿರುವುದು ಹೇಗೆ, ಪಕ್ಷಿಗೂಡಿಗೆ ಹೊಂದಿಕೊಂಡಿರುವ ನಿಮ್ಮ ಸಣ್ಣ ಹಸಿರುಮನೆಯಲ್ಲಿ ಅದರಲ್ಲಿ ಎಷ್ಟನ್ನು ಮಾಡಬಹುದು, ವಿಷ ಸಿಂಪಡಿಸದೆ ಕೀಟಗಳನ್ನು ಹೇಗೆ ತಡೆಯಬೇಕು ಎಂದು ಕೇಳಿದ್ದೀರಿ. ಅಮೆರಿಕದ ಸೇಂಟ್ ಪಾಲ್ ನಗರದ ಕೋಮೋ ಉದ್ಯಾನದಲ್ಲಿ 1915ರಲ್ಲಿ ತೆರೆದ ಗಾಜಿನ ಮನೆಯಂತಹ ಸಾರ್ವಜನಿಕ ಸಂಸ್ಥೆಗಳಲ್ಲಿ ಋತುವಿಗೊಂದರಂತೆ ಹೂಪ್ರದರ್ಶನಗಳು ನಡೆಯುತ್ತವೆ. ಅವುಗಳ ನಿಜವಾದ ಕೆಲಸವೆಲ್ಲ ಹಿಂಬದಿಯ ಬೆಳೆಸುವ ಮನೆಗಳಲ್ಲಿ ತಿಂಗಳುಗಟ್ಟಲೆ ಮೊದಲೇ ಆಗಿರುತ್ತದೆ. ಎಲ್ಲಕ್ಕಿಂತ ಮೊದಲು ಈ ಒಂದು ಅಭ್ಯಾಸವನ್ನು ರೂಢಿಸಿಕೊಳ್ಳಿ: ಹೂ ಬೇಕಾದ ದಿನವನ್ನು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ವಾರಗಳನ್ನು ಎಣಿಸಿ.

ಹಾಗೆ ಎಣಿಸಲು ಸಾಧ್ಯವಾಗುವುದು ಅನೇಕ ಗಿಡಗಳು ರಾತ್ರಿಯ ಉದ್ದವನ್ನು ಅಳೆಯುವುದರಿಂದ. ಹಗಲಿನ ಅವಧಿಗೂ ಹೂ ಬಿಡುವುದಕ್ಕೂ ಇರುವ ಸಂಬಂಧವನ್ನು 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ನಿರ್ಣಾಯಕವಾದದ್ದು ಎಡೆಬಿಡದ ಕತ್ತಲೆ ಎಂಬುದು ಅನಂತರ ಸ್ಪಷ್ಟವಾಯಿತು. ಪಾಯಿನ್ಸೆಟಿಯಾ ಗಿಡವನ್ನು ದಿನಕ್ಕೆ ಸುಮಾರು 14 ಗಂಟೆ ಪೂರ್ಣ ಕತ್ತಲೆಯಲ್ಲಿ 8ರಿಂದ 10 ವಾರ ಇಟ್ಟರೆ ಅದರ ಮೇಲಿನ ಎಲೆಗಳು ಕೆಂಪಾಗುತ್ತವೆ. ಸೇವಂತಿಗೆಯೂ ಇದೇ ಗುಂಪಿನದು. ಬಹಳಷ್ಟು ತಳಿಗಳು ದೀರ್ಘ ರಾತ್ರಿ ಆರಂಭವಾದ 8ರಿಂದ 10 ವಾರಗಳಲ್ಲಿ ಅರಳುತ್ತವೆ. ಆದ್ದರಿಂದ ಕಡ್ಡಿ ನೆಟ್ಟು, ಬೇರು ಬಂದ ಮೇಲೆ ತುದಿ ಚಿವುಟಿ, ಕವಲುಗಳು ಬರುವವರೆಗೆ ರಾತ್ರಿಯ ನಡುವೆ ಒಂದಷ್ಟು ಹೊತ್ತು ದೀಪ ಹಾಕಿ ಗಿಡವನ್ನು ಮೊಗ್ಗು ಕಟ್ಟದಂತೆ ತಡೆದಿಡಬೇಕು; ಗಿಡ ಸಾಕಷ್ಟು ಬೆಳೆದ ಮೇಲೆ ದೀಪ ನಿಲ್ಲಿಸಿ, ಬೇಕಿದ್ದರೆ ಕಪ್ಪು ಬಟ್ಟೆ ಎಳೆಯಬೇಕು. ನಿಮ್ಮ ಹಸಿರುಮನೆಯಲ್ಲಿ ಇದನ್ನು ಖಂಡಿತ ಮಾಡಬಹುದು. ಬಟ್ಟೆಯನ್ನು ಬಿಸಿಲು ಇಳಿದ ಮೇಲೆ ಎಳೆಯುವುದು ಮುಖ್ಯ, ಏಕೆಂದರೆ ಅದರ ಕೆಳಗೆ ಕಾವು ಏರಿದರೆ ಸೇವಂತಿಗೆಯ ಮೊಗ್ಗು ತಡವಾಗುತ್ತದೆ. ಪಕ್ಷಿಗೂಡಿನ ದೀಪ ರಾತ್ರಿ ಉರಿಯುತ್ತಿದ್ದರೆ ಅದರ ಬೆಳಕು ಗಿಡಗಳ ಮೇಲೆ ಬೀಳದಂತೆ ಮರೆ ಕಟ್ಟಿ. ಅಲ್ಪ ಬೆಳಕೂ ಇಡೀ ಲೆಕ್ಕವನ್ನು ಕೆಡಿಸಬಲ್ಲದು.

ಪ್ರಾಣಿಗಳ ಕಡೆಯೂ ಬೆಳಕೇ ಋತುವನ್ನು ನಡೆಸುತ್ತದೆ. ಜಿಂಕೆಗಳ ಕೊಂಬು ಬೆಳೆದು ಉದುರುವುದು, ಹಕ್ಕಿಗಳು ಗೂಡು ಕಟ್ಟುವುದು ಮತ್ತು ಗರಿ ಉದುರಿಸುವುದು ಹಗಲಿನ ಏರಿಳಿತವನ್ನು ಅನುಸರಿಸುತ್ತವೆ. ಉತ್ತರ ಗೋಳಾರ್ಧದ ಕೆಲವು ಮೃಗಾಲಯಗಳು ಒಳಾಂಗಣದಲ್ಲಿರುವ ಪೆಂಗ್ವಿನ್‌ಗಳಿಗೆ ದಕ್ಷಿಣ ಗೋಳಾರ್ಧದ ಹಗಲು-ರಾತ್ರಿಗಳಂತೆ ದೀಪಗಳನ್ನು ಹೊಂದಿಸುವುದು ಇದೇ ಕಾರಣಕ್ಕಾಗಿ. ಹಾಗಾಗಿ ಸೇವಂತಿಗೆಗಾಗಿ ನೀವು ಹಾಕುವ ನಡುರಾತ್ರಿಯ ದೀಪ ನಿಮ್ಮ ಹಕ್ಕಿಗಳಿಗೆ ಕಾಣಬಾರದು. ಮರೆ ಎರಡೂ ಕಡೆಗೆ ಕೆಲಸ ಮಾಡುವಂತಿರಲಿ.

ಟುಲಿಪ್‌ನಂತಹ ಗಡ್ಡೆ ಹೂಗಳಿಗೆ ಬೇಕಾದದ್ದು ಚಳಿ. ಅವುಗಳನ್ನು ಕುಂಡದಲ್ಲಿ ನೆಟ್ಟು 4ರಿಂದ 9 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 16 ವಾರ ಇರಿಸಿ, ಬೇರು ಚೆನ್ನಾಗಿ ಬಂದ ಮೇಲೆ ಬೆಚ್ಚಗಿನ ಮನೆಗೆ ತಂದರೆ ಕೆಲವೇ ವಾರಗಳಲ್ಲಿ ಅರಳುತ್ತವೆ. ಹಣ್ಣಾಗುತ್ತಿರುವ ಸೇಬು ಮುಂತಾದವುಗಳ ಜೊತೆ ಗಡ್ಡೆಗಳನ್ನು ಇಡಲೇಬೇಡಿ. ಅವು ಬಿಡುವ ಎಥಿಲೀನ್ ಅನಿಲದಿಂದ ಒಳಗಿನ ಮೊಗ್ಗು ಸಾಯುತ್ತದೆ, ಆದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಇನ್ನು ಕೀಟಗಳ ವಿಷಯ. ಪ್ರಾಣಿಗಳಿರುವ ಆವರಣದಲ್ಲಿ ಗಿಡದ ಯಾವ ಕೊಂಬೆ ಯಾವ ಬಾಯಿಗೆ ಹೋಗುತ್ತದೆ ಎಂದು ಹೇಳಲಾಗದ ಕಾರಣ, ಅಲ್ಲಿಯ ತೋಟಗಾರರು ಮಿತ್ರಕೀಟಗಳನ್ನೇ ಹೆಚ್ಚಾಗಿ ನೆಚ್ಚಿಕೊಳ್ಳುತ್ತಾರೆ. ಬಿಳಿ ನೊಣದ ಮರಿಗಳೊಳಗೆ ಮೊಟ್ಟೆ ಇಡುವ ಎನ್ಕಾರ್ಸಿಯಾ ಎಂಬ ಪುಟ್ಟ ಕಣಜ, ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು, ಕೆಂಪು ನುಸಿಯನ್ನು ಬೇಟೆಯಾಡುವ ಫೈಟೋಸೀಯುಲಸ್ ಎಂಬ ಪರಭಕ್ಷಕ ನುಸಿ, ಈ ಮೂರನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಇವಕ್ಕೂ ತಮ್ಮದೇ ಋತುವಿದೆ ಎಂಬುದನ್ನು ಮರೆತವರು ಹಣ ಕಳೆದುಕೊಳ್ಳುತ್ತಾರೆ. ಕಣಜ ಸುಮಾರು 18 ಡಿಗ್ರಿಗಿಂತ ಕಡಿಮೆ ತಾಪದಲ್ಲಿ ಮಂದವಾಗುತ್ತದೆ, ಗುಲಗಂಜಿ ಹುಳುವಿಗೆ ಅದಕ್ಕಿಂತ ಹೆಚ್ಚಿನ ಬಿಸುಪು ಹಿತ, ಪರಭಕ್ಷಕ ನುಸಿಗೆ ಗಾಳಿಯಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ತೇವ ಬೇಕು. ಚಳಿಗಾಲದಲ್ಲಿ ಹೀಟರ್‌ನಿಂದ ಗಾಳಿ ಒಣಗಿದಾಗ ಕೆಂಪು ನುಸಿ ಹೆಚ್ಚುವುದೂ ಅದನ್ನು ತಿನ್ನುವ ನುಸಿ ಸೊರಗುವುದೂ ಒಟ್ಟಿಗೇ ಆಗುತ್ತದೆ. ಆ ತಿಂಗಳುಗಳಲ್ಲಿ ಎಲೆಯ ಅಡಿಭಾಗವನ್ನು ನೀರಿನಿಂದ ತೊಳೆಯುವುದು, ಹಿಟ್ಟು ತಿಗಣೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು, ಹಳೆಯ ಎಲೆಗಳನ್ನು ಕಿತ್ತು ಹೊರಹಾಕುವುದು ಇವೇ ಸರಿಯಾದ ಕೆಲಸ. ಎಲೆ ತೊಳೆಯುವುದೂ ನೀರು ಹಾಕುವುದೂ ಬೆಳಿಗ್ಗೆಯೇ ಆಗಲಿ, ಏಕೆಂದರೆ ರಾತ್ರಿಯಿಡೀ ಒದ್ದೆಯಾಗಿರುವ ಎಲೆ ಮತ್ತು ಹೂವಿನ ಮೇಲೆ ಬೂದು ಬೂಷ್ಟು ಹಬ್ಬುತ್ತದೆ. ಮಿತ್ರಕೀಟಗಳನ್ನು ಬೆಚ್ಚಗಾದ ಮೇಲೆ, ಕೀಟ ಇನ್ನೂ ವಿರಳವಾಗಿರುವಾಗಲೇ ಬಿಡಿ. ಇರುವೆಗಳನ್ನು ಅದಕ್ಕೂ ಮೊದಲೇ ದೂರ ಮಾಡಿ, ಏಕೆಂದರೆ ಹಿಟ್ಟು ತಿಗಣೆ ಸ್ರವಿಸುವ ಸಿಹಿ ಅಂಟಿನ ಆಸೆಗೆ ಅವು ಅದನ್ನು ಕಾವಲು ಕಾಯುತ್ತವೆ.

ಹೊಸದಾಗಿ ತಂದ ಗಿಡವನ್ನು ನೇರವಾಗಿ ಒಳಗೆ ಇಡಬೇಡಿ. ಮೃಗಾಲಯಗಳಲ್ಲಿ ಹೊಸ ಪ್ರಾಣಿಯನ್ನು ಸಾಮಾನ್ಯವಾಗಿ ಕನಿಷ್ಠ 30 ದಿನ ಪ್ರತ್ಯೇಕವಾಗಿ ಇರಿಸಿ ಗಮನಿಸುವಂತೆ ಗಿಡಗಳನ್ನೂ ಕೆಲವು ವಾರ ಬೇರೆಯಾಗಿ ಇರಿಸಿ ನೋಡುವುದು ಒಳ್ಳೆಯದು. ನರ್ಸರಿಯ ಗಿಡದಲ್ಲಿ ಅಂತರ್ವ್ಯಾಪಿ (ಗಿಡದ ಒಳಗೆಲ್ಲ ಹರಡುವ) ಕೀಟನಾಶಕ ಬಹಳ ಕಾಲ ಉಳಿದಿರಬಹುದಾದ್ದರಿಂದ ಅದರ ಸೊಪ್ಪನ್ನು ಹಕ್ಕಿಗಳಿಗೆ ಹಾಕಲೇಬಾರದು. ಕಣಗಿಲೆಯನ್ನಂತೂ ಪಕ್ಷಿಗೂಡಿನ ಹತ್ತಿರವೂ ತರಬೇಡಿ. ಅದರ ಎಲ್ಲ ಭಾಗಗಳೂ ವಿಷ.

ಗೊಬ್ಬರದ ಬಗ್ಗೆ ನೀವು ಕೇಳಿಲ್ಲವಾದರೂ, ಮೃಗಾಲಯವೂ ಗಾಜಿನ ಮನೆಯೂ ಒಂದಕ್ಕೊಂದು ಅತ್ಯಂತ ಉಪಯುಕ್ತವಾಗುವುದು ಅಲ್ಲಿಯೇ. ಬೇಸಿಗೆಯಲ್ಲಿ ಸವರಿದ ವಿಷರಹಿತ ಸೊಪ್ಪನ್ನು ಅನೇಕ ಮೃಗಾಲಯಗಳು ಗಾಳಿಯಾಡದಂತೆ ಹುದುಗಿಸಿ ರಸಮೇವು ಮಾಡಿ ಅಥವಾ ಹೆಪ್ಪುಗಟ್ಟಿಸಿ ಜಿರಾಫೆಯಂತಹ ಪ್ರಾಣಿಗಳಿಗಾಗಿ ಚಳಿಗಾಲಕ್ಕೆ ಕಾಪಿಡುತ್ತವೆ. ಸಸ್ಯಾಹಾರಿಗಳ ಸಗಣಿ, ಲದ್ದಿಗಳು ಕಾಂಪೋಸ್ಟ್ ಆಗಿ ಪಾತಿಗಳಿಗೆ ಮರಳುತ್ತವೆ. ಮಾಂಸಾಹಾರಿಗಳ ಮಲವನ್ನು ಪರೋಪಜೀವಿಗಳ ಭಯದಿಂದ ಸಾಮಾನ್ಯವಾಗಿ ಇದಕ್ಕೆ ಸೇರಿಸುವುದಿಲ್ಲ. ಪಕ್ಷಿಗಳ ಹಿಕ್ಕೆಯನ್ನು ಹಸಿಯಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ, ರೋಗಾಣುಗಳೂ ಉಳಿಯುತ್ತವೆ. ಅದನ್ನು ಒಣ ಎಲೆಗಳೊಂದಿಗೆ ರಾಶಿ ಹಾಕಿ, ಒಳಗಿನ ತಾಪ 55 ಡಿಗ್ರಿಗಿಂತ ಕೆಳಗಿಳಿಯದಂತೆ 15 ದಿನ ಕಾಯ್ದುಕೊಂಡು, ಅಷ್ಟರಲ್ಲಿ ಕನಿಷ್ಠ 5 ಬಾರಿ ಮಗುಚಿ, ಅನಂತರ ಕೆಲವು ತಿಂಗಳು ಮಾಗಲು ಬಿಡಿ. ಸಣ್ಣ ರಾಶಿ ಬೇಗ ತಣ್ಣಗಾಗುವುದರಿಂದ ಉದ್ದನೆಯ ಥರ್ಮಾಮೀಟರ್ ಒಂದನ್ನು ಕೊಳ್ಳುವುದು ಒಳಿತು. ಹೊರಗಿನಿಂದ ತಂದ ಒಣಹುಲ್ಲನ್ನು ರಾಶಿಗೆ ಸೇರಿಸುವುದಾದರೆ ಅದರಲ್ಲಿ ಕಳೆನಾಶಕದ ಅಂಶ ಉಳಿದಿರಬಹುದು. ಆದ್ದರಿಂದ ಸಿದ್ಧವಾದ ಗೊಬ್ಬರದಲ್ಲಿ ಮೊದಲು ನಾಲ್ಕಾರು ಹುರುಳಿಕಾಯಿ ಬೀಜ ಬಿತ್ತಿ, ಸಸಿಗಳ ಹೊಸ ಎಲೆಗಳು ಮುದುಡದೆ ನೇರವಾಗಿ ಬಿಚ್ಚಿಕೊಂಡರೆ ಮಾತ್ರ ಆ ಗೊಬ್ಬರವನ್ನು ಹಸಿರುಮನೆಗೆ ಒಯ್ಯಿರಿ.