ಬ್ಯೂಟಿಷಿಯನ್ ಕೋರ್ಸ್ ಆರಿಸುವಾಗ ಏನು ನೋಡಬೇಕು?

ಹತ್ತನೇ ತರಗತಿ ಮುಗಿದಿದೆ, ಊರಲ್ಲೇ ಪಾರ್ಲರ್ ಇಡುವ ಆಸೆ, ಯಾವ ಕೋರ್ಸ್ ಸೇರಲಿ ಅಂತ ಕೇಳಿದ್ದೀರಿ. ದುಡ್ಡು ಕಟ್ಟುವ ಮುಂಚೆ ಒಂದು ದಿನ ಕ್ಲಾಸಿನಲ್ಲಿ ಸುಮ್ನೆ ಕೂತು ನೋಡಿ. ಹುಡುಗಿಯರ ಕೈಯಲ್ಲಿ ನೋಟ್‌ಬುಕ್ಕೇ ಜಾಸ್ತಿ ಕಾಣಿಸಿದರೆ ಆ ಜಾಗ ಬೇಡ. ಥ್ರೆಡಿಂಗ್ ಬರೀ ನೋಡಿ ಬರುವ ಕೆಲಸ ಅಲ್ಲ. ಮೊದಲು ನಮ್ಮದೇ ಕಾಲಿನ ಕೂದಲ ಮೇಲೆ ದಾರ ಓಡಿಸಿ ಕಲಿಯಬೇಕು, ಆಮೇಲೆ ಬೇರೆಯವರ ಹುಬ್ಬು. ಚರ್ಮ ಬಿಗಿಯಾಗಿ ಹಿಡಿಯದಿದ್ದರೆ ದಾರ ಕುಯ್ದೇ ಬಿಡುತ್ತದೆ. ಹಾಗಾಗಿ ನಿಜವಾದ ಗಿರಾಕಿಗಳ ಮೇಲೆ ಎಷ್ಟು ದಿನ ಕೆಲಸ ಮಾಡಿಸುತ್ತಾರೆ ಅಂತ ಕೇಳಿ. ಹೇರ್ ಡೈ ಹಾಕುವ 48 ಗಂಟೆ ಮುಂಚೆ ಅಲರ್ಜಿ ಆಗುತ್ತದಾ ಅಂತ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡುವುದನ್ನು, ಕತ್ತರಿ, ಬಾಚಣಿಗೆ ಶುದ್ಧ ಮಾಡುವುದನ್ನು ಹೇಳಿಕೊಡದ ಕಡೆ ಖಂಡಿತ ಸೇರಬೇಡಿ. ಇನ್ನೊಬ್ಬರ ಮುಖದ ವಿಷಯ ಅಲ್ವಾ?

ಸಮಯ ಇದ್ದರೆ ಐಟಿಐನ ಒಂದು ವರ್ಷದ ಕಾಸ್ಮೆಟಾಲಜಿ (ಸೌಂದರ್ಯ ಆರೈಕೆ) ಕೋರ್ಸ್ ನನ್ನ ಮೊದಲ ಆಯ್ಕೆ. ಆ ಸರ್ಟಿಫಿಕೇಟ್‌ಗೆ ದೇಶದಲ್ಲೆಲ್ಲ ಬೆಲೆ ಇದೆ. ದುಡ್ಡಿಲ್ಲ, ಬೇಗ ಪಾರ್ಲರ್ ಶುರು ಮಾಡಬೇಕು ಅಂದರೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯಲ್ಲಿ ವಿಚಾರಿಸಿ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಬ್ಯಾಂಕ್ ಸಾಲದ ದಾರಿಯನ್ನೂ ತೋರಿಸುತ್ತಾರೆ. ಖಾಸಗಿ ಕಡೆ ಸೇರುವುದಾದರೆ ಕಿಟ್, ಪರೀಕ್ಷೆ ಶುಲ್ಕ ಎಲ್ಲ ಸೇರಿ ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ.