ಫುಲ್ಟನ್‌ಗಿಂತ 17 ವರ್ಷ ಮುಂಚೆ ಹಬೆ ದೋಣಿಗೆ ಜನ ಹತ್ತಿಸಿದವನು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂತು. ಹೋದ ಸಂಚಿಕೆ ಕ್ವಿಜ್ ಪುಟದಲ್ಲಿ ನಾವು "ಸ್ಟೀಮ್ ಬೋಟ್ ಕಂಡುಹಿಡಿದವರು ರಾಬರ್ಟ್ ಫುಲ್ಟನ್, 1807" ಅಂತ ಹಾಕಿದ್ವಿ, ನೀವೂ ಕ್ಲಾಸಲ್ಲಿ ವರ್ಷಾನುಗಟ್ಟಲೆ ಅದನ್ನೇ ಬರೆಸಿದೀರಿ, ಈಗ ಮೊಮ್ಮಗಳು "ಅಲ್ಲ ತಾತಾ, ಜಾನ್ ಫಿಚ್" ಅಂತ ಜಗಳಕ್ಕೆ ನಿಂತಿದಾಳೆ. ಅವನ ಬೋಟ್ ನಿಜವಾಗ್ಲೂ ಓಡಿದ್ರೆ ಹೆಸರು ಯಾಕೆ ಉಳೀಲಿಲ್ಲ ಅಂತ ಕೇಳಿದೀರಿ. ಮೊದ್ಲು ಒಪ್ಕೊಂಡ್ಬಿಡ್ತೀನಿ, ತಪ್ಪು ನಮ್ದು.

ಓಡಿತ್ತು, ಮೇಷ್ಟ್ರೇ. ಫಿಚ್ ಕನೆಕ್ಟಿಕಟ್‌ನವನು, ಹುಟ್ಟಿದ್ದು 1743ರಲ್ಲಿ. ಗಡಿಯಾರದ ಕೆಲಸ ಕಲಿಯೋಕೆ ಸೇರಿದ, ಆಮೇಲೆ ಬೆಳ್ಳಿ ಕೆಲಸ, ಬಂದೂಕು ರಿಪೇರಿ, ಕೆಂಟಕಿ ಕಡೆ ಭೂಮಿ ಸರ್ವೆ, ಹೀಗೆ ಕೈ ಹಾಕದ ಕೆಲಸ ಇಲ್ಲ. 1785ರಲ್ಲಿ ಹಬೆಯಿಂದ ದೋಣಿ ಓಡಿಸ್ಬಹುದು ಅಂತ ತಲೆಗೆ ಹೊಕ್ತು. ಮಜಾ ಏನು ಅಂದ್ರೆ ಲೋಕದಲ್ಲಿ ಸ್ಟೀಮ್ ಇಂಜಿನ್ ಅನ್ನೋದು ಆಗ್ಲೇ ಇದೆ ಅಂತಾನೇ ತನಗೆ ಗೊತ್ತಿರ್ಲಿಲ್ಲ ಅಂತ ಅವನೇ ಬರ್ಕೊಂಡಿದಾನೆ, ಪರಿಚಯದ ಪಾದ್ರಿಯೊಬ್ರು ಪುಸ್ತಕ ತೆಗೆದು ನ್ಯೂಕಾಮನ್ ಅನ್ನೋನ ಹಳೇ ಸ್ಟೀಮ್ ಇಂಜಿನ್ ಚಿತ್ರ ತೋರಿಸಿದಾಗ ಪಾಪ ಪೆಚ್ಚಾಗಿಹೋದ. ದುಡ್ಡಿಗೆ ಏನ್ ಮಾಡ್ದ? ಪಶ್ಚಿಮದ ಕಾಡು ಸೀಮೆ ಮ್ಯಾಪನ್ನ ತಾನೇ ತಾಮ್ರದ ತಗಡಲ್ಲಿ ಕೆತ್ತಿ, ತಾನೇ ಅಚ್ಚು ಹಾಕಿ ಮಾರಿದ. ಇಂಗ್ಲೆಂಡಿಂದ ಜೇಮ್ಸ್ ವ್ಯಾಟ್‌ನ ಸ್ಟೀಮ್ ಇಂಜಿನ್ ತರಿಸೋಣ ಅಂದ್ರೆ ಅಲ್ಲಿಯವರು ಯಂತ್ರಗಳನ್ನ ಹೊರಗೆ ಬಿಡ್ತಿರ್ಲಿಲ್ಲ, ಹಾಗಾಗಿ ಹೆನ್ರಿ ವೋಯ್ಟ್ ಅನ್ನೋ ವಾಚ್ ಮಾಡುವವನನ್ನ ಜೊತೆಗೆ ಹಾಕ್ಕೊಂಡು ಸಿಲಿಂಡರ್, ಬಾಯ್ಲರ್, ಹಬೆ ತಣಿಸಿ ನೀರು ಮಾಡೋ ಕಂಡೆನ್ಸರ್ ಎಲ್ಲಾ ಫಿಲಡೆಲ್ಫಿಯಾದಲ್ಲೇ ಮಾಡ್ತಾ, ಕೆಡಿಸ್ತಾ, ಮತ್ತೆ ಮಾಡ್ತಾ ಕೂತ.

1787ರ ಆಗಸ್ಟ್ 22ಕ್ಕೆ ಡೆಲಾವೇರ್ ನದಿಯಲ್ಲಿ 45 ಅಡಿ ಬೋಟ್ ಇಳೀತು. ಅಕ್ಕಪಕ್ಕ ಆರಾರು ಹುಟ್ಟು, ಮನುಷ್ಯರ ಬದ್ಲು ಹಬೆ ಹುಟ್ಟು ಹಾಕೋದು, ನೋಡೋಕೆ ಜರಿಹುಳ ಈಜಿದ ಹಾಗಿತ್ತೇನೋ. ಅದೇ ಊರಲ್ಲಿ ಅಮೆರಿಕದ ಸಂವಿಧಾನ ಬರೀತಾ ಕೂತಿದ್ದ ಸಭೆಯ ಸದಸ್ಯರೂ ಬಂದು ನೋಡಿದ್ರು. 1790ರ ಬೇಸಿಗೆಯಲ್ಲಂತೂ ಹುಟ್ಟುಗಳನ್ನ ಹಿಂದಕ್ಕೆ ಹಾಕಿ, ಬಾತುಕೋಳಿ ಕಾಲಿನ ಥರ ಒದೆಯೋ ಹಾಗೆ ಮಾಡಿ, ಫಿಲಡೆಲ್ಫಿಯಾ–ಟ್ರೆಂಟನ್ ಮಧ್ಯೆ ಟೈಮ್ ಟೇಬಲ್ ಕೊಟ್ಟು ಸರ್ವಿಸ್ ಶುರು ಮಾಡಿದ. ಅಳೆದು ನೋಡಿದಾಗ ಗಂಟೆಗೆ 8 ಮೈಲಿ. ಆ ಸೀಸನ್‌ನಲ್ಲಿ 2,000 ಮೈಲಿಗಿಂತ ಜಾಸ್ತಿ ಓಡಿದೆ, ಇದನ್ನ ಬರೀ ಪ್ರಯೋಗ ಅನ್ನೋದು ಹೇಗೆ?

ಆದ್ರೆ ಸಾಕಷ್ಟು ಜನ ಹತ್ತಲಿಲ್ಲ. ನನ್ನ ಪ್ರಕಾರ ಅವನು ಸೋತಿದ್ದು ಯಂತ್ರದಲ್ಲಲ್ಲ, ರೂಟ್‌ನಲ್ಲಿ. ನದಿ ಪಕ್ಕದಲ್ಲೇ ಸಮತಟ್ಟು ರಸ್ತೆ, ಒಳ್ಳೇ ಕುದುರೆ ಗಾಡಿಗಳು, ಅಂಥ ಕಡೆ ಬುಸುಗುಟ್ಟೋ ಬಾಯ್ಲರ್ ಪಕ್ಕ ಕೂತು ಹೋಗೋ ಹಣೆಬರಹ ಯಾರಿಗೆ ಬೇಕು? ಫುಲ್ಟನ್ ಹಡ್ಸನ್ ನದಿ ಹಿಡಿದ, ನ್ಯೂಯಾರ್ಕಿಂದ ಆಲ್ಬನಿಗೆ 150 ಮೈಲಿ, ಹಾಯಿದೋಣಿಗಳು ಗಾಳಿ ನಂಬ್ಕೊಂಡು ದಿನಗಟ್ಟಲೆ ಹೋಗ್ತಿದ್ದ ದಾರಿ, ಇವನು 32 ಗಂಟೇಲಿ ಮುಟ್ಟಿಸ್ದ. ಇಂಜಿನ್ನೂ ಇಂಗ್ಲೆಂಡಿನ ಬೋಲ್ಟನ್-ವ್ಯಾಟ್ ಕಂಪನಿದು. ಬೆನ್ನಿಗೆ ರಾಬರ್ಟ್ ಲಿವಿಂಗ್‌ಸ್ಟನ್ ಅನ್ನೋ ದೊಡ್ಡ ಕುಳ. 1787ರಲ್ಲಿ ನ್ಯೂಯಾರ್ಕ್ ರಾಜ್ಯ ಹಬೆ ದೋಣಿ ಓಡಿಸೋ ಏಕಸ್ವಾಮ್ಯ ಕೊಟ್ಟಿದ್ದು ಫಿಚ್‌ಗೆ, 1798ರಲ್ಲಿ ಅದನ್ನ ಕಿತ್ಕೊಂಡು ಇದೇ ಲಿವಿಂಗ್‌ಸ್ಟನ್‌ಗೆ ಕೊಟ್ರು. ನನಗೆ ಹೊಟ್ಟೆ ಉರಿಯೋದು ಇಲ್ಲೇ.

ಜೇಮ್ಸ್ ರಮ್ಸಿ ಜೊತೆ ಜಗಳ ಬೇರೆ. ಅವನು ವರ್ಜೀನಿಯಾದಲ್ಲಿ ಮುಂದಿನಿಂದ ನೀರು ಎಳ್ಕೊಂಡು ಹಿಂದಕ್ಕೆ ಪಂಪ್ ಮಾಡಿ ಓಡೋ ಬೋಟನ್ನ 1787ರ ಡಿಸೆಂಬರ್‌ನಲ್ಲಿ ಪೊಟೋಮ್ಯಾಕ್ ನದಿಯಲ್ಲಿ ಓಡಿಸಿದ್ದ, ಯಾರು ಮೊದ್ಲು ಅಂತ ಇಬ್ರೂ ಕರಪತ್ರ ಹಂಚಿ ಬೈದಾಡಿದ್ರು. ಸರ್ಕಾರ 1791ರ ಆಗಸ್ಟ್ 26ಕ್ಕೆ ಇಬ್ರಿಗೂ ಒಂದೇ ದಿನ ಪೇಟೆಂಟ್ ಕೊಟ್ಟು ಕೈ ತೊಳ್ಕೊಂಡ್ತು! ಇಬ್ರಿಗೂ ಪೇಟೆಂಟ್ ಇದ್ರೆ ಯಾವ ಸಾಹುಕಾರ ದುಡ್ಡು ಹಾಕ್ತಾನೆ ಹೇಳಿ. ಫಿಚ್ ಫ್ರಾನ್ಸ್‌ಗೂ ಹೋಗಿ ಬಂದ, ಅಲ್ಲಿ ಕ್ರಾಂತಿ ನಡೀತಿತ್ತು, ಬರಿಗೈ. 1798ರಲ್ಲಿ ಕೆಂಟಕಿಯ ಬಾರ್ಡ್ಸ್‌ಟೌನ್‌ನಲ್ಲಿ ತೀರ್ಕೊಂಡ. ತನ್ನ ಕಥೆ ಬರ್ದು, ಸೀಲ್ ಹಾಕಿ, 30 ವರ್ಷ ಬಿಚ್ಬೇಡಿ ಅಂತ ಫಿಲಡೆಲ್ಫಿಯಾದ ಲೈಬ್ರರಿಯಲ್ಲಿ ಮೊದ್ಲೇ ಕೊಟ್ಟಿಟ್ಟಿದ್ದ.

ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕ್ತೀವಿ, "ಸ್ಟೀಮ್ ಬೋಟನ್ನ ಲಾಭದ ವ್ಯಾಪಾರ ಮಾಡಿದವರು ಫುಲ್ಟನ್" ಅಂತ. ಮೊಮ್ಮಗಳಿಗೆ ಮಾರ್ಕ್ಸ್ ಕೊಡಿ, ಆದ್ರೆ ಅರ್ಧ ಕಟ್ ಮಾಡಿ, ಯಾಕಂದ್ರೆ 1783ರಲ್ಲೇ ಫ್ರಾನ್ಸಿನ ಜುಫ್ರುವಾ ಅನ್ನೋರು ಲಿಯೋನ್ ಊರಿನ ಸೋನ್ ನದಿಯಲ್ಲಿ ಹಬೆ ದೋಣಿ ಸ್ವಲ್ಪ ಹೊತ್ತು ಓಡಿಸಿ ತೋರಿಸಿದ್ರು. ಅವಳು ಇದಕ್ಕೂ ಜಗಳ ತೆಗೆದ್ರೆ ಪತ್ರ ಅವಳ ಕೈಲೇ ಬರೆಸಿ ಕಳಿಸಿ.

— ಸಂಪಾದಕ