ಬೆಳಗಾವಿಯ ಚಳಿಗೆ ಬೈಕಿನ ಆಯಿಲ್ ಬದಲಿಸಬೇಕೆ?

ನೀವು ಕೇಳಿರುವುದು ಇಷ್ಟು: ಬೆಳಗಾವಿಯಲ್ಲಿದ್ದೀರಿ, ಹಳೆಯ ಪಲ್ಸರ್ 150 ಇದೆ, ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಸೆಲ್ಫ್ ಒತ್ತಿದಾಗ ನರಳಿ ಸುಮ್ಮನಾಗುತ್ತದೆ. ಚಳಿಗಾಲ ಮುಗಿಯುವ ತನಕ ಕಾರಿನ 5ಡಬ್ಲ್ಯು-30 ಆಯಿಲ್ ಹಾಕಿಸು ಎಂದು ಗೆಳೆಯರೊಬ್ಬರು ಹೇಳಿದ್ದಾರೆ, ಹಾಕಿಸಬಹುದೆ?

ಬೇಡ. ಕಂಪನಿಯ ಪುಸ್ತಕದಲ್ಲಿರುವ 20ಡಬ್ಲ್ಯು-50 ಹಾಗೆಯೇ ಇರಲಿ.

ನಮ್ಮೂರಿನ ಚಳಿ ನಮಗೆ ಚಳಿ, ಆಯಿಲ್‌ಗೆ ಅದು ಲೆಕ್ಕಕ್ಕೇ ಇಲ್ಲ. ಕ್ಯಾಂಪ್ ಕಡೆ ಮಂಜು ಕವಿದು ಸ್ವೆಟರ್, ಮಫ್ಲರ್ ಹೊರಬರುವ ದಿನಗಳಲ್ಲೂ ಉಷ್ಣಾಂಶ ಹತ್ತು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಡಬ್ಲ್ಯುಗೆ ಮೊದಲು ಬರುವ ಅಂಕಿ, ಅಂದರೆ 20ಡಬ್ಲ್ಯು-50ರಲ್ಲಿ 20, ಚಳಿಯಲ್ಲಿ ಆಯಿಲ್ ಎಷ್ಟು ತೆಳುವಾಗಿರುತ್ತದೆ ಎಂಬುದರ ಗುರುತು. ಅದನ್ನು ಹೇಗೆ ನಿರ್ಧರಿಸುತ್ತಾರೆ ನೋಡಿ: 20ಡಬ್ಲ್ಯು ಆಯಿಲ್ ಇಂಜಿನ್ ತಿರುಗಲು ಬಿಡುವಷ್ಟು ತೆಳುವಾಗಿದೆಯೇ ಎಂದು ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 10ಡಬ್ಲ್ಯುವನ್ನು 25 ಡಿಗ್ರಿ ಕೆಳಗೆ, 5ಡಬ್ಲ್ಯುವನ್ನು 30 ಡಿಗ್ರಿ ಕೆಳಗೆ. ಜನವರಿಯಲ್ಲಿ ಹಿಮಾಲಯದ ಸ್ಪಿತಿಗೆ ಹೊರಟವರಿಗೆ ಈ ಲೆಕ್ಕ ಬೇಕು, ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗುವವರಿಗೆ ಬೇಡ. ದಪ್ಪ ಆಯಿಲ್ ಇದ್ದಾಗ ಬೆಳಿಗ್ಗೆ ಮೊದಲ ಒಂದೆರಡು ನಿಮಿಷ ಗೇರ್ ಸ್ವಲ್ಪ ಬಿಗಿ ಎನಿಸಬಹುದು, ಅಷ್ಟೇ.

ಕೊನೆಯ ಅಂಕಿ, ಅಂದರೆ 20ಡಬ್ಲ್ಯು-50ರಲ್ಲಿ 50, ನಮ್ಮ ಕಡೆ ಹೆಚ್ಚು ಮುಖ್ಯ. ಅದು ಇಂಜಿನ್ ಕಾದ ಮೇಲೆ, ಅಂದರೆ 100 ಡಿಗ್ರಿಯಲ್ಲಿ, ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಗುರುತು. ಚಳಿಗೆಂದು ಹಾಕಿಸಿದ 30ರ ಆಯಿಲ್ ಅನ್ನು ಮರೆತು, ಏಪ್ರಿಲ್‌ನಲ್ಲಿ ಯರಗಟ್ಟಿ, ಲೋಕಾಪುರದ ಮೇಲೆ ವಿಜಯಪುರಕ್ಕೆ ಹೊರಟಿರೆನ್ನಿ. ಮೇಲೆ ನಲವತ್ತು ದಾಟಿದ ಬಿಸಿಲು, ಕೆಳಗೆ ಗಾಳಿಯಿಂದಷ್ಟೇ ತಣಿಯಬೇಕಾದ ಇಂಜಿನ್. 50ಕ್ಕೆಂದು ಮಾಡಿದ ಇಂಜಿನ್ನಿಗೆ ಆಗ ಆ ಆಯಿಲ್ ತೀರಾ ತೆಳುವಾಗುತ್ತದೆ. ಸ್ಪ್ಲೆಂಡರ್‌ಗೆ 10ಡಬ್ಲ್ಯು-30 ಹಾಕುತ್ತಾರಲ್ಲ ಎಂದು ಕೇಳಬಹುದು. ಆ ಇಂಜಿನ್ ಅನ್ನು ಅದಕ್ಕೆಂದೇ ಮಾಡಿದ್ದಾರೆ.

ಕಾರಿನ ಆಯಿಲ್ ಎಂಬ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ಕಾರಿನಲ್ಲಿ ಇಂಜಿನ್ನಿಗೆ ಬೇರೆ ಆಯಿಲ್, ಗೇರ್‌ಬಾಕ್ಸ್‌ಗೆ ಬೇರೆ. ನಿಮ್ಮ ಬೈಕಿನಲ್ಲಿ ಇಂಜಿನ್, ಗೇರ್, ಕ್ಲಚ್ ಪ್ಲೇಟ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಪೆಟ್ರೋಲ್ ಉಳಿಸಲೆಂದು ಕಾರಿನ ತೆಳು ಆಯಿಲ್‌ಗಳಲ್ಲಿ ಬೆರೆಸುವ, ಜಾರಿಕೆ ಹೆಚ್ಚಿಸುವ ರಾಸಾಯನಿಕ ಕ್ಲಚ್ ಪ್ಲೇಟಿಗೆ ತಗುಲಿದರೆ ಕ್ಲಚ್ ಹಿಡಿಯುವುದಿಲ್ಲ: ಎಕ್ಸಲೇಟರ್ ತಿರುವಿದರೆ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಡಬ್ಬಿಯ ಹಿಂಬದಿಯಲ್ಲಿ ಜಾಸೋ (ಬೈಕ್ ಆಯಿಲ್‌ನ ಜಪಾನಿ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಎಂದು ಇರಲೇಬೇಕು. ಎಂಬಿ ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿನದು.

ಚಳಿಗಾಲದಲ್ಲಿ ಆಯಿಲ್ ಬಗ್ಗೆ ನಿಜಕ್ಕೂ ನೋಡಬೇಕಾದದ್ದು ಬೇರೆ ಇದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಭಾಗ ನೋಡಿ. ದಿನವೂ ಟಿಳಕವಾಡಿಯಿಂದ ಮಾರುಕಟ್ಟೆಯವರೆಗೆ ಹೋಗಿ ಬರುವುದಷ್ಟೇ ನಿಮ್ಮ ಓಡಾಟವಾದರೆ, ಹಾಲು ಹೆಚ್ಚಾದ ಚಹಾದ ಬಣ್ಣದ ಜಿಗುಟು ಕೆನೆ ಅಲ್ಲಿ ಅಂಟಿರಬಹುದು. ಇಂಜಿನ್ ಪೂರ್ತಿ ಕಾಯುವ ಮೊದಲೇ ಬಂದ್ ಮಾಡಿದಾಗ ಒಳಗೆ ಉಳಿದ ತೇವ ಅದು. ನಿಮ್ಮದು ಗಾಳಿಯಿಂದ ತಣಿಯುವ ಇಂಜಿನ್, ಕೂಲಂಟ್ (ಇಂಜಿನ್ ತಣಿಸುವ ದ್ರವ) ಸೋರಿ ಬೆರೆಯುವ ಪ್ರಶ್ನೆಯೇ ಇಲ್ಲ, ಗಾಬರಿ ಬೇಡ. ಒರೆಸಿ, ರವಿವಾರ ಒಮ್ಮೆ ಧಾರವಾಡದವರೆಗೆ ಓಡಿಸಿಕೊಂಡು ಬನ್ನಿ. ಒಳಗಿರುವ ಆಯಿಲ್ ಕೂಡ ಹಾಗೆಯೇ ಬಿಳಿಚಿಕೊಂಡಿದ್ದರೆ ಮಾತ್ರ ಅವಧಿಗೆ ಮೊದಲೇ ಬದಲಿಸಿ.

ಇನ್ನು ಸೆಲ್ಫ್ ನರಳುವುದು. ಬ್ಯಾಟರಿಯ ಮೇಲೆ ನನಗೆ ಅನುಮಾನ. ಹಳೆಯ ಬ್ಯಾಟರಿಯ ಬಲ ಚಳಿಯಲ್ಲಿ ಇನ್ನಷ್ಟು ಕುಗ್ಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಕೀ ತಿರುಗಿಸುವ ಮೊದಲು, ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿದು ನೋಡಿ: 12.5 ವೋಲ್ಟ್ ಸುತ್ತಮುತ್ತ ಇದ್ದರೆ ಸರಿ, 12.2ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಬೇಕು. ಅದು ಸರಿಯಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ. ಕಾರ್ಬ್ಯುರೇಟರ್ ಗಾಡಿಯಾದ್ದರಿಂದ ಬೆಳಿಗ್ಗೆ ಚೋಕ್ ಎಳೆದು ಕಿಕ್ ಹೊಡೆಯಿರಿ, ಸ್ಟಾರ್ಟ್ ಆದ ತಕ್ಷಣ ಎಕ್ಸಲೇಟರ್ ತಿರುವಿ ಅರಚಿಸಬೇಡಿ. ಕಿಕ್ಕಿಗೆ ಸಲೀಸಾಗಿ ಹತ್ತಿಕೊಂಡು ಸೆಲ್ಫ್‌ಗೆ ಮಾತ್ರ ಹಟ ಮಾಡುತ್ತಿದ್ದರೆ, ಆಯಿಲ್ ಅಂಗಡಿಯ ಬದಲು ಬ್ಯಾಟರಿ ಅಂಗಡಿಗೆ ಹೋಗಿ.